ದೊಡ್ಡಪ್ಪನ ಮೊಂಡು ಬೋಲ್ಟು

ನಮ್ಮತ್ತೆಯ ಕನ್ನಡಕ ಹಿಂದಿನ ಸೀಟಿನಿಂದ ಹಾರಿ ಬಂದು ಮುಂದಿನ ಗಾಜಿಗೆ ಬಡಿದದ್ದೇ ಈ ಎಲ್ಲ ರಾಮಾಯಣಕ್ಕೆ ಮೂಲ. ಹಾರಿದ್ದು ಕನ್ನಡಕ ಮಾತ್ರ, ಅತ್ತೆಯಲ್ಲ. (ಅವರು ಹಾರಿದ್ದು ಸೀಟಿನಿಂದ ಗಾಡಿಯ ಚಾವಣಿಯವರೆಗೆ ಅಷ್ಟೆ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.) ಮಾರುಕಟ್ಟೆ ರಸ್ತೆಯ ಹಂಪನ್ನು ನಾನು ತುಸು ಉತ್ಸಾಹದಿಂದಲೇ ಹತ್ತಿಸಿದ್ದೆ, ಒಪ್ಪುತ್ತೇನೆ. ಆದರೆ ಸೊಟ್ಟಗಾದ ಕನ್ನಡಕದ ಕಾಲನ್ನು ಗಾಡಿ ನಿಲ್ಲಿಸಿ ಅಲ್ಲೇ ನೆಟ್ಟಗೆ ಮಾಡಿ ಕೊಟ್ಟೆನಲ್ಲ, ಅದನ್ನು ಯಾರೂ ನೆನೆಯುವುದಿಲ್ಲ. ನಾನು ಕನ್ನಡಕದ ಅಂಗಡಿಯವನು. ನನ್ನ ಕಸುಬೇ ಅದು.

"ಅಳಿಯಂದ್ರೇ, ನನ್ನ ಕನ್ನಡಕ ಏನಾದ್ರೂ ಆ ಕಡೆ ಬಂತಾ?" ಎಂದು ಅತ್ತೆ ಬಹಳ ಶಾಂತವಾಗಿ ಕೇಳಿದರು. ಆ ಶಾಂತಿಯಲ್ಲೇ ನನಗೆ ಕಾದಿರುವ ಗ್ರಹಚಾರ ಕಾಣಿಸಿತು.

ಮನೆಗೆ ಬಂದೊಡನೆ ಹೆಂಡತಿ ತೀರ್ಪು ಕೊಟ್ಟಳು. "ರೀ, ನಿಮ್ಮ ದೊಡ್ಡಪ್ಪನ ಆಯಸ್ಸು ಮುಗೀತು. ಭಾನುವಾರ ಸಂಜೆ ಗುಜರಿಯವನಿಗೆ ಬರೋಕೆ ಹೇಳ್ತೀನಿ."

ಗಾಬರಿಯಾಗಬೇಡಿ. ದೊಡ್ಡಪ್ಪ ಎಂದರೆ ನಮ್ಮ ಹಳೆಯ ಎಸ್‌ಯುವಿ. ಬೆಳಗ್ಗೆ ಎದ್ದ ಕೂಡಲೇ ಕೆಮ್ಮುತ್ತಾನೆ, ಅಂಗಳವನ್ನೆಲ್ಲ ಆಕ್ರಮಿಸಿಕೊಂಡು ನಿಲ್ಲುತ್ತಾನೆ, ಯಾರು ಹೇಳಿದರೂ ಬೇಗ ತಿರುಗುವುದಿಲ್ಲ. ಆದರೂ ಅವನೆಂದರೆ ನನಗೆ ಪ್ರಾಣ. ದಿನವಿಡೀ ಸಾಸಿವೆ ಕಾಳಿನಷ್ಟು ಸ್ಕ್ರೂಗಳ ಮೇಲೆ ಬಗ್ಗಿ ಕೂತಿರುವ ನನಗೆ ಊರವರನ್ನೆಲ್ಲ ಮೇಲಿನಿಂದ ನೋಡುವ ಭಾಗ್ಯ ಸಿಗುವುದು ಅವನ ಸ್ಟಿಯರಿಂಗ್ ಹಿಂದೆ ಕೂತಾಗ ಮಾತ್ರ. ನನ್ನ ಹೆಂಡತಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಅವಳ ಓಡಾಟವೆಲ್ಲ ಒಂದು ಹಳೆಯ ಸ್ಕೂಟರಿನ ಮೇಲೆ.

"ಹಿಂದಿನ ಶಾಕ್ ಅಬ್ಸಾರ್ಬರ್ ಹೋಗಿವೆ ಅಷ್ಟೆ ಕಣೇ. ಹೊಸದು ಹಾಕಿದ್ರೆ ಹುಡುಗನ ಹಾಗಾಗ್ತಾನೆ."

"ಗ್ಯಾರೇಜಿನವರು ಏನಂದ್ರು?"

"ಬೋಲ್ಟು ತುಕ್ಕು ಹಿಡಿದು ಕಚ್ಕೊಂಡಿದೆ, ಬಿಚ್ಚೋ ಕೆಲಸ ನಮಗೆ ಬೇಡ ಅಂದ್ರು. ಅವರು ಬೇಡ ಅಂದ್ರೇನು, ನಾನಿಲ್ವಾ? ಹುಟ್ಟಿದಾಗಿನಿಂದ ಸ್ಕ್ರೂ ಬಿಚ್ಚಿದ ಕೈ ಇದು!"

"ಅದು ಮೂಗಿನ ಮೇಲಿನ ಸ್ಕ್ರೂ ರೀ."

"ಸ್ಕ್ರೂ ಅಂದ್ರೆ ಸ್ಕ್ರೂನೇ!"

ಕೊನೆಗೆ ಒಪ್ಪಂದವಾಯಿತು. ಭಾನುವಾರ ಸಂಜೆಯೊಳಗೆ ಹೊಸ ಶಾಕ್ ಕೂತಿರಬೇಕು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು ಅದೇ ಹಂಪನ್ನು ದಾಟಬೇಕು. ಕನ್ನಡಕ ಮೂಗಿನ ಮೇಲೇ ಇದ್ದರೆ ದೊಡ್ಡಪ್ಪ ಮನೆಯಲ್ಲಿ, ಜಾರಿದರೆ ಗುಜರಿಯಲ್ಲಿ.

ಶನಿವಾರವೇ ಬೋಲ್ಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಕುಡಿಸಿ ನೆನೆಯಲು ಬಿಟ್ಟೆ. ಭಾನುವಾರ ಬೆಳಗ್ಗೆ ಚಕ್ರಗಳಿಗೆ ಕಲ್ಲು ಕೊಟ್ಟು ಗಾಡಿಯಡಿಗೆ ತೆವಳಿದೆ. (ದೊಡ್ಡಪ್ಪ ಎತ್ತರದ ಆಳು, ಜ್ಯಾಕ್ ಕೂಡ ಬೇಕಿಲ್ಲ.) ಏನು ಹೇಳಲಿ ನನ್ನ ಸಂಭ್ರಮ! ಮೇಲಿನ ಬೋಲ್ಟುಗಳು ಗೊಣಗಿಕೊಂಡೇ ಬಂದವು. ಬಲಗಡೆಯ ಕೆಳಗಿನದು ಕಿರುಚಿಕೊಂಡು ಬಂತು. ಎಡಗಡೆಯ ಕೆಳಗಿನ ಬೋಲ್ಟೊಂದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಮತ್ತೆ ಎಣ್ಣೆ ಬಿಟ್ಟೆ. ಸುತ್ತಿಗೆಯಿಂದ ತಟ್ಟಿದೆ. "ನಿನ್ನ ದಮ್ಮಯ್ಯ" ಎಂದೆ. ಸ್ಪ್ಯಾನರಿನ ಹಿಡಿ ಉದ್ದವಾದರೆ ಬಲ ಹೆಚ್ಚುತ್ತದೆಂದು ಪರದೆ ತೂಗುಹಾಕುವ ಕೊಳವೆಯನ್ನು ತಂದು ಅದಕ್ಕೆ ತೊಡಿಸಿ ಎಳೆದೆ. ಕೊಳವೆ ಬಾಗಿ ನನಗೇ ನಮಸ್ಕಾರ ಮಾಡಿತು.

"ರೀ, ಅದು ಹಾಲ್ ಕಿಟಕಿದು!" ಎಂದು ಕಿಟಕಿಯಿಂದ ಕೂಗು ಬಂತು.

"ದೊಡ್ಡ ಕೆಲಸಕ್ಕೆ ಸಣ್ಣಪುಟ್ಟ ತ್ಯಾಗ ಇದ್ದದ್ದೇ ಕಣೇ!"

ಹಿತ್ತಿಲಲ್ಲಿ ಬಿದ್ದಿದ್ದ ಕಬ್ಬಿಣದ ಪೈಪು ತಂದೆ. ತೊಡಿಸಿದೆ. ಹಲ್ಲುಕಚ್ಚಿ ಎಳೆದೆ. ತಿರುಗಿತು! ಇನ್ನೊಮ್ಮೆ ಎಳೆದೆ, ಇನ್ನೂ ತಿರುಗಿತು! "ಬಂತು, ಬಂತು! ಎಲ್ಲರೂ ಬನ್ನಿ!" ಎಂದು ಗಾಡಿಯಡಿಯಿಂದಲೇ ವಿಜಯಘೋಷ ಮಾಡಿದೆ. ಹೆಂಡತಿ ಓಡಿ ಬಂದಳು. ಅತ್ತೆ ಗಾಡಿಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ತಿರುಗಿಸಿದೆ, ತಿರುಗಿಸಿದೆ, ತಿರುಗಿಸುತ್ತಲೇ ಇದ್ದೆ. ಬೋಲ್ಟು ಮಾತ್ರ ಹೊರಗೆ ಬರುವ ಲಕ್ಷಣವೇ ಇಲ್ಲ.

ಅತ್ತೆ ಕುರ್ಚಿಯಿಂದಲೇ ಬಗ್ಗಿ ನೋಡಿದರು. "ಅಳಿಯಂದ್ರೇ, ನೀವು ಆ ಕಡೆ ನಟ್ಟು ತಿರುಗಿಸಿದ ಹಾಗೆ ಈ ಕಡೆ ಬೋಲ್ಟಿನ ತಲೆನೂ ತಿರುಗ್ತಿದೆಯಲ್ಲ?"

ಅಷ್ಟು ಸ್ಪಷ್ಟವಾಗಿ ಕಾಣುವ ಕನ್ನಡಕ ಅವರಿಗೆ ಮಾಡಿಕೊಟ್ಟವನು ನಾನೇ. ಯಾರನ್ನು ದೂರಲಿ?

ಸರಿ, ನಾನು ಈ ಕಡೆಯಿಂದ ನಟ್ಟು ತಿರುಗಿಸುವಾಗ ಆ ಕಡೆಯಿಂದ ಯಾರಾದರೂ ತಲೆಯನ್ನು ಹಿಡಿದುಕೊಳ್ಳಬೇಕು. ಹೆಂಡತಿಯ ಕೈಗೆ ಇನ್ನೊಂದು ಸ್ಪ್ಯಾನರ್ ಕೊಟ್ಟೆ. ಅವಳೂ ಹಳೆಯ ಚಾಪೆ ಹಾಸಿಕೊಂಡು ಗಾಡಿಯಡಿ ಮಲಗಿದಳು. ನಾನು ಎಳೆದೆ. ಬೋಲ್ಟು ಮತ್ತೆ ಸುಮ್ಮನೆ ಸುತ್ತಿತು.

"ಹಿಡ್ಕೊಂಡಿದ್ದೀಯಾ?"

"ಹಿಡ್ಕೊಂಡು ತಿರುಗಿಸ್ತಾನೂ ಇದ್ದೀನಿ. ಪಾಪ, ಒಬ್ಬರೇ ಎಷ್ಟು ಅಂತ ಕಷ್ಟಪಡ್ತೀರ!"

"ಅಯ್ಯೋ ಪುಣ್ಯಾತ್ಗಿತ್ತಿ, ತಿರುಗಿಸಬೇಡ! ನಾನು ಎಷ್ಟೇ ಎಳೆದಾಡಲಿ, ಎಷ್ಟೇ ಒದ್ದಾಡಲಿ, ನೀನು ಒಂಚೂರೂ ಜಗ್ಗಬಾರದು. ಗೊತ್ತಾಯ್ತಾ?"

"ಮದುವೆ ಆದಾಗಿನಿಂದ ಅದನ್ನೇ ತಾನೆ ಮಾಡ್ತಿರೋದು? ಮೊದಲೇ ಹೇಳೋಕೇನಾಗಿತ್ತು?"

ಈ ಸಲ ಅವಳು ಹಿಡಿದ ಹಿಡಿತವಿದೆಯಲ್ಲ, ಅದನ್ನು ನಾನು ಮನೆಯ ಚರ್ಚೆಗಳಲ್ಲಿ ಮಾತ್ರ ಕಂಡಿದ್ದೆ. ಪೈಪಿಗೆ ಕಾಲು ಕೊಟ್ಟು, ದೊಡ್ಡಪ್ಪನನ್ನು ನೆನೆದು ಒದ್ದೆ. ಕಿರ್ರ್... ಟಣ್! ನಟ್ಟು ಬಿಟ್ಟುಕೊಟ್ಟಿತು! ಬೋಲ್ಟನ್ನು ಸುತ್ತಿಗೆಯಿಂದ ತಟ್ಟಿ ಹೊರಗೆ ಕಳಿಸಿದಾಗ ಮುಖಕ್ಕೆಲ್ಲ, ನನ್ನ ಕನ್ನಡಕಕ್ಕೂ ತುಕ್ಕು ಉದುರಿತು. ಮಸಿ ಮೆತ್ತಿದ ಮುಖದಲ್ಲಿ ನಾವಿಬ್ಬರೂ ಗಾಡಿಯಡಿಯಲ್ಲೇ ಒಬ್ಬರನ್ನೊಬ್ಬರು ನೋಡಿ ಬಿದ್ದು ಬಿದ್ದು ನಕ್ಕೆವು. ನನಗೆ ಅವಳ ಮೇಲೆ ಬಹಳ ಪ್ರೀತಿ ಬಂತು.

ಹೊಸ ಶಾಕ್‌ಗಳು ಕೂತವು. ನಾನು ಕೈ ತೊಳೆದುಕೊಂಡು ಠೀವಿಯಿಂದ ಡ್ರೈವರ್ ಸೀಟಿನತ್ತ ಹೆಜ್ಜೆ ಹಾಕಿದೆ.

"ನಿಲ್ರೀ. ಪರೀಕ್ಷೆ ಬರೆದವರೇ ಮಾರ್ಕ್ಸ್ ಹಾಕ್ಕೊಳ್ಳೋ ಹಾಗಿಲ್ಲ. ನಾನು ಓಡಿಸ್ತೀನಿ," ಎಂದಳು.

ಅತ್ತೆ ಹಿಂದೆ ಕೂತರು. ಗಾಡಿ ಹೊರಟಿತು. ಗೇಟಿನ ಬಳಿ ನಾನು ಉಳಿದೆ. ಅಷ್ಟರಲ್ಲಿ ಹಗ್ಗ ಹಿಡಿದುಕೊಂಡು ಗುಜರಿಯವನೂ ಬಂದು ಪಕ್ಕದಲ್ಲಿ ನಿಂತ. ಹಂಪಿನವರೆಗೆ ಹೋಗಿ ಬರಲು ಎಷ್ಟು ಹೊತ್ತು? ಕತ್ತಲಾಗುತ್ತ ಬಂದರೂ ಅವರ ಸುಳಿವಿಲ್ಲ. ಕನ್ನಡಕ ಬಿತ್ತೋ, ಬೋಲ್ಟೇ ಬಿತ್ತೋ!

ಕೊನೆಗೆ ದೊಡ್ಡಪ್ಪ ತೇಲುತ್ತ ಬಂದ. ಕೆಮ್ಮಲೂ ಇಲ್ಲ. ಅತ್ತೆ ಕಿಟಕಿಯಿಂದ ತಲೆ ಹಾಕಿದರು. ಕನ್ನಡಕ ಮೂಗಿನ ಮೇಲೇ ಇತ್ತು!

"ಒಂಚೂರೂ ಅಲ್ಲಾಡ್ಲಿಲ್ಲ ಅಳಿಯಂದ್ರೇ! ನಂಬಿಕೆ ಬರದೆ ಊರಿನ ಹಂಪೆಲ್ಲ ಹತ್ತಿಸಿ ಬಂದ್ವಿ!"

ನಾನು ಕುಣಿದೇಬಿಟ್ಟೆ. ಹಳೆಯ ಶಾಕ್‌ಗಳನ್ನು ಗುಜರಿಯವನ ಕೈಗಿಟ್ಟು ಬೀಳ್ಕೊಟ್ಟೆ. ನನ್ನ ದೊಡ್ಡಪ್ಪ ಉಳಿದ! ಗೆದ್ದವನ ಗತ್ತಿನಲ್ಲಿ ಕೀಲಿಗಾಗಿ ಹೆಂಡತಿಯ ಮುಂದೆ ಕೈ ಚಾಚಿದೆ.

ಕೀಲಿ ಅವಳ ಕೈಚೀಲದೊಳಗೆ ಹೋಯಿತು.

"ಅಲ್ಲಾ ರೀ, ಅಲ್ಲಿ ಕೂತ್ರೆ ಊರವರೆಲ್ಲ ಎಷ್ಟು ಕೆಳಗೆ ಕಾಣ್ತಾರೆ! ಇಷ್ಟು ದಿನ ಒಂದು ಮಾತು ಹೇಳಲಿಲ್ವಲ್ಲ ನೀವು! ನಾಳೆಯಿಂದ ಅಮ್ಮನ್ನ ನಾನೇ ಇದರಲ್ಲಿ ಸುತ್ತಾಡಿಸ್ತೀನಿ."

"ಮತ್ತೆ ನಾನು?"

ಅವಳು ನನ್ನ ಚಾಚಿದ ಕೈಯಲ್ಲಿ ಸ್ಕೂಟರಿನ ಕೀಲಿ ಇಟ್ಟಳು. "ಇದರ ಹಿಂದಿನ ಶಾಕ್ ಹೋಗಿ ಎಷ್ಟೋ ಕಾಲ ಆಯ್ತು. ಗ್ಯಾರೇಜಿನವರು ಬೋಲ್ಟು ಕಚ್ಕೊಂಡಿದೆ ಅಂತಾರೆ. ನಿಮಗೇನು, ಹುಟ್ಟಿದಾಗಿನಿಂದ ಬಿಚ್ಚಿದ ಕೈ."

ನಾನು ಎಳೆದಾಡಿದೆ, ಒದ್ದಾಡಿದೆ. ಅವಳು ಒಂಚೂರೂ ಜಗ್ಗಲಿಲ್ಲ. ಹಾಗಿರಬೇಕೆಂದು ಹೇಳಿಕೊಟ್ಟವನೂ ನಾನೇ ತಾನೆ?

ಸೋಮವಾರ ಬೆಳಗ್ಗೆ ಅಂಗಡಿಗೆ ಹೊರಟವನು ಮಾರುಕಟ್ಟೆ ರಸ್ತೆಯ ಆ ಹಂಪನ್ನು ಸ್ಕೂಟರಿನಲ್ಲಿ ಹತ್ತಿಸಿದೆ. ಒಂದು ಕ್ಷಣ ಆಕಾಶ ಕಂಡಿತು, ಆಮೇಲೆ ಏನೂ ಸರಿಯಾಗಿ ಕಾಣಲಿಲ್ಲ. ರಸ್ತೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ತಡಕಾಡುತ್ತಿದ್ದಾಗ ದೊಡ್ಡದೊಂದು ಗಾಡಿ ಸದ್ದಿಲ್ಲದೆ ಹಂಪನ್ನು ದಾಟಿ ಪಕ್ಕದಲ್ಲಿ ನಿಂತಿತು. ಬಹಳ ಎತ್ತರದಿಂದ ಶಾಂತವಾದ ದನಿಯೊಂದು ಕೇಳಿಬಂತು.

"ಅಳಿಯಂದ್ರೇ, ಕನ್ನಡಕ ಏನಾದ್ರೂ ಬಿತ್ತಾ?"