ಅಜ್ಜಿಯ ಕಿವಿಗೊಂದು ಮಿಡ್‌ರೇಂಜ್

ಎಣಿಸಿ ನೋಡದೆ ಯಾವುದನ್ನೂ ನಂಬದಿರುವುದು ನನ್ನ ಹುಟ್ಟುಗುಣ. ಮಳೆಗಾಲದಲ್ಲಿ ಕರೆಂಟು ಎಷ್ಟು ಸಲ ಹೋಯಿತು, ಕುಶಾಲನಗರದ ಬಸ್ಸು ಎಷ್ಟು ದಿನ ತಡವಾಯಿತು, ಅಣ್ಣ ಕಾಫಿ ಕುಡಿದ ಲೋಟವನ್ನು ಎಷ್ಟು ಸಲ ಕಿಟಕಿಯ ಮೇಲೆಯೇ ಬಿಟ್ಟ, ಎಲ್ಲಕ್ಕೂ ನನ್ನ ಡೈರಿಯಲ್ಲಿ ತಾರೀಖು ಸಮೇತ ಗೆರೆಗಳಿವೆ. ಸುಂಟಿಕೊಪ್ಪದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿ ದಿನಾ ಬೆಳಿಗ್ಗೆ ಆಳುಗಳ ಹಾಜರಿ ಕೂಗುವ ಕೆಲಸ ಸಿಕ್ಕ ಮೇಲೆ ಈ ಗುಣಕ್ಕೆ ಸಂಬಳವೂ ಬರತೊಡಗಿ, ಮನೆಯವರು ಸುಮ್ಮನಾದರು. ಅಲ್ಲಿಯೂ ನಾನು ಡೈರಿಗೆ ಒಂದು ಕಾಲಂ ಸೇರಿಸಿದೆ: ‘ಮೊದಲ ಕೂಗಿಗೆ ಓಗೊಡದವರು’. ಅದು ದಿನವೂ ತುಂಬುತ್ತಿತ್ತು. ಜನರಿಗೆ ಶ್ರದ್ಧೆ ಕಡಿಮೆಯಾಗಿದೆ ಎಂದು ಪುಟದ ಕೊನೆಗೆ ಷರಾ ಬರೆಯುತ್ತಿದ್ದೆ.

ಹೀಗಿರುವಾಗ ಅಜ್ಜಿಗೋಸ್ಕರ ಸ್ಪೀಕರ್ ಕಟ್ಟಲು ಹೊರಟವನು ಅಂದಾಜಿನ ಮೇಲೆ ಕೆಲಸ ಮಾಡುವುದುಂಟೆ? ಅಜ್ಜಿಗೆ ಬೆಳಗಿನ ರೇಡಿಯೋ ವಾರ್ತೆ ಆಗಲೇಬೇಕು. ಆದರೆ ಈಚೆಗೆ ಅವಳಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮೊದಲೆಲ್ಲ ವಾರ್ತೆ ಓದುವವರೊಂದಿಗೆ ಜಗಳಕ್ಕೇ ಇಳಿಯುತ್ತಿದ್ದವಳು ಈಗ ಸುಮ್ಮನೆ ತಲೆದೂಗುತ್ತಾಳೆ. ಅಜ್ಜಿ ಯಾರ ಮಾತಿಗಾದರೂ ತಲೆದೂಗಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅವಳು ಮತ್ತೆ ವಾರ್ತೆಯೊಂದಿಗೆ ಜಗಳವಾಡುವವರೆಗೆ ಬಿಡುವುದಿಲ್ಲವೆಂದು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಸಿಲ್ವರ್ ಓಕ್ ಹಲಗೆಯ ಪೆಟ್ಟಿಗೆ ಸಿದ್ಧವಾಯಿತು. ಕೆಳಗೆ ಗುಡುಗಲು ವೂಫರ್, ಮೇಲೆ ಕಿಣಿಕಿಣಿಗೆ ಟ್ವೀಟರ್. ನಡುವಿನ ತೂತು ಮಾತ್ರ ಖಾಲಿ. ಮನುಷ್ಯರ ಮಾತು ಬಹುಪಾಲು ಹೊರಡುವುದು ಅಲ್ಲಿ ಕೂರುವ ಮಿಡ್‌ರೇಂಜಿನಿಂದ. ವೂಫರಿನ ಗಾಳಿ ಅದರ ಬೆನ್ನಿಗೆ ಗುದ್ದದಂತೆ ಒಳಗೆ ಬೇರೆಯೇ ಗೂಡು ಬೇಕು. ಅದಕ್ಕೆ ಅವ್ವನ ಉಪ್ಪಿನಕಾಯಿ ಡಬ್ಬಿ ಅಳತೆಗೆ ಸರಿಹೋಯಿತು. ಗೋಣಿಕೊಪ್ಪಲಿನಲ್ಲಿ ರೇಡಿಯೋ ರಿಪೇರಿ ಮಾಡುವ ಹಮೀದಣ್ಣ ಡಬ್ಬಿಯ ಕತೆ ಕೇಳಿ, ನನ್ನ ಡೈರಿಯನ್ನೂ ನನ್ನನ್ನೂ ನೋಡಿ, ಎರಡು ಮಿಡ್‌ರೇಂಜ್ ಮುಂದಿಟ್ಟರು. “ಎಲ್ಲರೂ ಬೇಸ್ ಕೇಳಿಕೊಂಡು ಬರ್ತಾರೆ ಮಾರಾಯ, ಮಿಡ್ ಕೇಳಿಕೊಂಡು ಬಂದವ ನೀನೊಬ್ಬನೇ. ಎರಡನ್ನೂ ತಕೊಂಡು ಹೋಗಿ ನೋಡು. ಬೇಡದ್ದು ವಾಪಸ್ ತಾ. ಉಪ್ಪಿನಕಾಯಿ ವಾಸನೆ ಮಾತ್ರ ಬರಬಾರದು.”

ಒಂದು ನಾಲ್ಕಿಂಚಿನದು, ಸದ್ದಿಗೆ ಅದುರುವ ಕೋನು ಕಾಗದದ್ದು, ನೋಡಲು ಬಡಪಾಯಿ. ಇನ್ನೊಂದು ಐದಿಂಚಿನದು, ಪ್ಲಾಸ್ಟಿಕ್ ಕೋನು, ಮಿರಮಿರ ಮಿಂಚುವಂಥದು. ಪರೀಕ್ಷೆಗೆ ಹಾಜರಿ ಪುಸ್ತಕದಿಂದ ಇಪ್ಪತ್ತು ಹೆಸರುಗಳನ್ನು ಫೋನಿನಲ್ಲಿ ನಾನೇ ಓದಿ ರೆಕಾರ್ಡ್ ಮಾಡಿದೆ. ಅಜ್ಜಿ ಕೇಳಿದ್ದನ್ನು ತಿರುಗಿ ಹೇಳಬೇಕು, ನಾನು ಗೆರೆ ಹಾಕಬೇಕು. ಕಾಗದದ್ದಕ್ಕೆ ಇಪ್ಪತ್ತಕ್ಕೆ ಇಪ್ಪತ್ತು. ಪ್ಲಾಸ್ಟಿಕ್ಕಿನದಕ್ಕೂ ಇಪ್ಪತ್ತಕ್ಕೆ ಇಪ್ಪತ್ತು. ಮೂರು ದಿನ ಇದೇ ಫಲಿತಾಂಶ. ನಾಲ್ಕನೆಯ ದಿನ, ಆಳುಗಳ ಪೈಕಿ ಲಕ್ಷ್ಮಕ್ಕ ಮಗಳ ಮನೆಗೆ ಹೋದಳೆಂದು ಅವಳ ಹೆಸರು ಬಿಟ್ಟು ಹೊಸದಾಗಿ ರೆಕಾರ್ಡ್ ಮಾಡಿದೆ. ಅಜ್ಜಿ ಲಕ್ಷ್ಮಕ್ಕನ ಹೆಸರನ್ನೂ ಹೇಳಿದಳು.

“ಅಜ್ಜಿ, ಲಕ್ಷ್ಮಕ್ಕನ ಹೆಸರು ಅದ್ರಲ್ಲಿ ಇಲ್ಲವಲ್ಲ” ಎಂದು ಅವಳ ಕಿವಿಗೇ ಬಾಯಿಟ್ಟು ಕೂಗಿದೆ.

“ಸರೋಜ ಆದ್ಮೇಲೆ ಲಕ್ಷ್ಮಕ್ಕ ಅಲ್ವೇನ್ಲಾ? ದಿನಾ ಸಾಯಂಕಾಲ ಜಗಲಿ ಮೇಲೆ ಕೂತ್ಕಂಡು ಪುಸ್ತಕ ಓದ್ಕೋತೀಯಲ್ಲ, ಕಿವಿ ನೆಟ್ಟಗಿದ್ದಾಗಿಂದ ಕೇಳಿವ್ನಿ. ಬಾಯಿಪಾಠ ಆಗೈತೆ.”

“ಹಂಗಾದ್ರೆ ಪೆಟ್ಟಿಗೆಯಿಂದ ಏನ್ ಕೇಳಿಸ್ತು?”

“ನೀನು ಗೊಣಗಿದ್ದು ಕೇಳಿಸ್ತು. ಬಾಯ್ ತುಂಬ ಎಲಡಿಕೆ ಇಟ್ಕಂಡವನಂಗೆ ಓದ್ತೀಯ. ಮೊದಲ್ನೇ ಹೆಸರು ಒಂದು ಹೆಂಗೋ ತಿಳೀತು. ಕಷ್ಟಪಟ್ಟವ್ನೆ, ಬೇಜಾರಾಗ್ಬಾರ್ದು ಅಂತ ಮಿಕ್ಕಿದ್ದ ನಾನೇ ಹೇಳ್ದೆ.”

ನಾಲ್ಕು ದಿನದ ಗೆರೆಗಳನ್ನು ಒಂದೇ ಗೆರೆಯಿಂದ ಹೊಡೆದುಹಾಕಿದೆ. ಆದರೆ ಬಿಡಲಿಲ್ಲ. ಅಡಿಗೆಮನೆಯಲ್ಲಿ ಡಬ್ಬಿಗಾಗಿ ಗೊಣಗುತ್ತಿದ್ದ ಅವ್ವನನ್ನು ಕರೆದು, ಮನೆಯ ಪಾತ್ರೆ, ಪದಾರ್ಥಗಳ ಇಪ್ಪತ್ತು ಹೆಸರುಗಳನ್ನು ಅಡ್ಡಾದಿಡ್ಡಿಯಾಗಿ ಓದಿಸಿದೆ. “ಡಬ್ಬಿ ಕೊಡ್ತೀಯೋ ಇಲ್ವೋ ಅದನ್ನ ಮೊದ್ಲು ಬರ್ಕೋ” ಎಂದು ಶುರುಮಾಡಿದರೂ ಅವ್ವ ಪ್ರತಿ ಅಕ್ಷರವನ್ನೂ ಒಡೆದ ತೆಂಗಿನಕಾಯಿಯಂತೆ ಬಿಡಿಸಿ ಓದಿದಳು. ಕಾಗದದ್ದಕ್ಕೆ ಹದಿನೆಂಟು, ಪ್ಲಾಸ್ಟಿಕ್ಕಿನದಕ್ಕೆ ಹನ್ನೆರಡು. ಮರುದಿನ ಪದಗಳನ್ನು ಬದಲಿಸಿ ನೋಡಿದೆ. ಹದಿನೇಳು, ಹನ್ನೊಂದು. ಬಡಪಾಯಿ ಗೆದ್ದಿತು. ಮಿಂಚುವುದು ಗೋಣಿಕೊಪ್ಪಲಿಗೆ ವಾಪಸಾಯಿತು, ಬರುವಾಗ ಅವ್ವನಿಗೆ ಹೊಸ ಡಬ್ಬಿ ತಂದೆ.

ಅದರ ಮಾರನೆಯ ಬೆಳಿಗ್ಗೆ ರೇಡಿಯೋ ಕೊಡಗಿನಲ್ಲಿ ಒಣಹವೆ ಎಂದಿತು. ಅಜ್ಜಿ ಅಂಗಳದಲ್ಲಿ ಹರಡಿದ ಕರಿಮೆಣಸನ್ನು ನೋಡಿ, ಮೋಡ ನೋಡಿ, “ಇವನ ತಲೆ. ಆಚೆ ಬಂದು ನೋಡಿ ಹೇಳಾಕೇನ್ ರೋಗ?” ಎಂದಳು. ನಾನು ಡೈರಿಯಲ್ಲಿ ಹಬ್ಬದ ದಿನದಂತೆ ಕೆಂಪು ಶಾಯಿಯಲ್ಲಿ ತಾರೀಖು ಬರೆದೆ.

ಆ ಹುರುಪಿನಲ್ಲೇ ಎಸ್ಟೇಟಿಗೆ ಹೋಗಿ, ಅವ್ವನ ಹಾಗೆ ಬಾಯಿ ತೆರೆದು ಹಾಜರಿ ಕೂಗಿದೆ. ನಲವತ್ತೊಂದು ಹೆಸರು. ನಲವತ್ತೊಂದು ಜನರೂ ಮೊದಲ ಕೂಗಿಗೇ ಓಗೊಟ್ಟರು. ಮುಂದಿನ ಸಾಲಿನಲ್ಲಿದ್ದ ಸರೋಜ, “ಯಾಕೆ ರೈಟ್ರೇ, ಇವತ್ತು ಎಲ್ರಿಗೂ ಬಯ್ತಾ ಇದ್ದೀರಾ?” ಎಂದಳು. ಸಂಜೆ ಜಗಲಿಯಲ್ಲಿ ಕೂತು ‘ಓಗೊಡದವರು’ ಕಾಲಂ ತೆರೆದೆ. ಎರಡು ವರ್ಷದ ಗೆರೆಗಳು ಸಾಲಾಗಿ ನಿಂತಿದ್ದವು. ಒಂದನ್ನೂ ಅಳಿಸಲಿಲ್ಲ, ಲೆಕ್ಕ ಲೆಕ್ಕವೇ. ಮೇಲಿನ ತಲೆಬರಹವನ್ನು ಮಾತ್ರ ಹೊಡೆದು, ಅಲ್ಲಿ ನನ್ನ ಹೆಸರು ಬರೆದೆ.