ಪೈಲಟ್ ಬೆನ್ನ ಹಿಂದೆ ಒಂದು ಚೊಂಬು ನೀರು

ಗಿನ್ಕಾ ಅಜ್ಜಿ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದನ್ನು ಕಂಡೊಡನೆ ಡೆಯಾನ್ ಎರಡೂ ಕೈ ಅಡ್ಡ ಹಿಡಿದ.

"ಬೇಡ ಅಜ್ಜೀ, ಮೆಟ್ಟಿಲು ಮೊದ್ಲೇ ಜಾರುತ್ತೆ!"

"ಸುಮ್ನಿರೋ! ಪರೀಕ್ಷೆಗೆ ಹೋಗೋನ ಹಿಂದೆ ನೀರು ಚೆಲ್ಲದೆ ಕಳಿಸೋಕೆ ನಾನೇನು ಸತ್ತುಹೋಗಿದ್ದೀನಾ? ನೀರು ಹರಿದ ಹಾಗೆ ಸಲೀಸಾಗಿ ಆಗ್ಲಿ!"

ಅಂದು ಡೆಯಾನನಿಗೆ ಪೈಲಟ್ ಲೈಸೆನ್ಸಿನ ಕೊನೆಯ ಹಾರಾಟ ಪರೀಕ್ಷೆ. ವೈದ್ಯರು ಅವನ ಕಣ್ಣು, ಕಿವಿ, ಹೃದಯವನ್ನೆಲ್ಲ ಸಂತೆಯ ಎತ್ತಿನಂತೆ ತಟ್ಟಿ ನೋಡಿಯಾಗಿತ್ತು. ಹವಾಮಾನ, ದಿಕ್ಕು, ರೇಡಿಯೋ ಮಾತು ಎಲ್ಲವನ್ನೂ ಅರೆದು ಕುಡಿದಾಗಿತ್ತು. ಇವತ್ತು ಪಾಸಾದರೆ ವಿಮಾನ ಕಂಪನಿಯಲ್ಲಿ ಕೆಲಸ. ತಪ್ಪಿದರೆ ಆ ಜಾಗ ಬೇರೊಬ್ಬನ ಪಾಲು. ರಾಜಧಾನಿ ಸೋಫಿಯಾದಿಂದ ಬರುವ ಪರೀಕ್ಷಕರು ಮಹಾ ಖಡಕ್ ಎಂದು ಕೇಳಿದ್ದನೇ ಹೊರತು ಅವರ ಮುಖ ಕಂಡಿರಲಿಲ್ಲ.

ಕೆಳಗಿನ ಮಹಡಿಯಲ್ಲಿ ನಿವೃತ್ತ ಬಸ್ ಡ್ರೈವರ್ ಝಿವ್ಕೊ ಮಾಮ ಬಕೆಟ್ಟನ್ನೇ ತಂದಿದ್ದ. "ವಿಮಾನ ದೊಡ್ಡದಲ್ವಾ, ಚೊಂಬು ಎಲ್ಲಿ ಸಾಕಾಗುತ್ತೆ? ಮಗಾ, ತಿರುಗಿಸೋವಾಗ ಕನ್ನಡಿ ನೋಡ್ಕೋ!"

"ವಿಮಾನಕ್ಕೆ ಕನ್ನಡಿ ಇರಲ್ಲ ಮಾಮ."

"ಹೌದಾ! ಹಾಗಾದ್ರೆ ಇನ್ನೊಂದು ಬಕೆಟ್ ತರ್ತೀನಿ ತಾಳು."

ಚೊಂಬು, ಬಕೆಟ್ ಎರಡೂ ಮೆಟ್ಟಿಲ ಮೇಲೆ ಖಾಲಿಯಾದವು. ಡೆಯಾನ್ ಗೋಡೆ ಹಿಡಿದು, ಬೆಕ್ಕಿನ ಹೆಜ್ಜೆಯಿಟ್ಟು ಹೇಗೋ ಕೆಳಗೆ ಸೇರಿದ. ಅಷ್ಟರಲ್ಲಿ ಹಿಂದೆ ಧಡಾರ್! ಅದೇ ಕಟ್ಟಡದ ರಾಯ್ನಾ ಅತ್ತೆಯ ಮನೆಯಿಂದ ಹೊರಬಂದ ಸ್ಥೂಲಕಾಯದ ಅಪರಿಚಿತರೊಬ್ಬರು ಕೂತಲ್ಲೇ ಜಾರುತ್ತ ಬಂದು ಅವನ ಬೂಟಿನ ಬಳಿ ನಿಂತರು.

"ಅಯ್ಯೋ, ನನ್ನ ಕಾಲು!"

ಕಾಲಿಗೆ ಎಲೆಕೋಸಿನ ಎಲೆ ಕಟ್ಟೋಣ ಎಂದಳು ಅಜ್ಜಿ. ಒಂದೇ ಸಲ ಎಳೆದರೆ ಸರಿಹೋಗುತ್ತೆ ಎಂದ ಮಾಮ. ಡೆಯಾನ್ ಗಡಿಯಾರ ನೋಡಿದ. ಓಡಿಬಿಡಬಹುದಿತ್ತು, ಆದರೆ ಮನಸ್ಸು ಬರಲಿಲ್ಲ. ಗಾಬರಿ ಬೀಳಬೇಡ, ಮೊದಲು ನೋಡು, ಆಮೇಲೆ ತೀರ್ಮಾನಿಸು ಎಂದು ಗುರುಗಳು ತಲೆಗೆ ತುಂಬಿದ್ದರಲ್ಲ! ಇಬ್ಬರನ್ನೂ ಗದರಿಸಿ ದೂರ ನಿಲ್ಲಿಸಿ, ಕೈಗೆ ಸಿಕ್ಕ ಕೊಡೆಯನ್ನೇ ಕಾಲಿಗೆ ಆಸರೆಯಾಗಿ ಕಟ್ಟಿ, ಅವರನ್ನು ಟ್ಯಾಕ್ಸಿಗೆ ಹತ್ತಿಸಿದ.

ದಾರಿಯಲ್ಲಿ ಅವರು ಕೇಳಿದರು. "ನಿಂಗೂ ಎಲ್ಲಿಗೋ ಹೋಗೋದಿತ್ತೇನಪ್ಪಾ?"

"ಹಾರಾಟದ ಪರೀಕ್ಷೆ ಇತ್ತು ಸರ್. ಹೋಯ್ತು ಬಿಡಿ."

ಅವರು ನೋವನ್ನೂ ಮರೆತು ನೆಟ್ಟಗೆ ಕೂತರು. "ಡೆಯಾನ್ ಅಂದ್ರೆ ನೀನೇನಾ? ನಾನೇ ಕಣಯ್ಯಾ ಪರೀಕ್ಷಕ, ಡೋಬ್ರೆವ್! ನಿನ್ನೆ ತಂಗಿ ರಾಯ್ನಾ ಮನೇಲಿ ಉಳ್ಕೊಂಡಿದ್ದೆ."

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಬಿತ್ತು. ಡೋಬ್ರೆವ್ ಫೋನ್ ಕೆಳಗಿಟ್ಟು ಕಣ್ಣು ಮಿಟುಕಿಸಿದರು. "ತಾಳ್ಮೆ, ಜವಾಬ್ದಾರಿ, ತಕ್ಷಣದ ಬುದ್ಧಿ, ಪೈಲಟ್‌ಗೆ ಬೇಕಾದ್ದೆಲ್ಲ ನಿನ್ನಲ್ಲಿದೆ. ಆದ್ರೆ ಹಾರಿಸಿ ತೋರಿಸ್ದೆ ಲೈಸೆನ್ಸ್ ಇಲ್ಲ. ನನ್ನ ಗೆಳೆಯ ಮಧ್ಯಾಹ್ನ ಪರೀಕ್ಷೆ ತಗೊಳ್ತಾನೆ. ಓಡು!"

ಡೆಯಾನನಿಗೆ ಸ್ವರ್ಗ ಮೂರೇ ಗೇಣು. ಬಾಗಿಲು ಮುಟ್ಟುವಷ್ಟರಲ್ಲಿ, ಧನ್ಯವಾದ ಹೇಳಲೇ ಇಲ್ಲವಲ್ಲ ಎಂದು ನೆನಪಾಗಿ ಗಿರ್ರನೆ ಹಿಂದಿರುಗಿ ಓಡಿಬಂದ.

ಅದೇ ಹೊತ್ತಿಗೆ ಡೋಬ್ರೆವ್ ಮಂಚದ ಪಕ್ಕದ ಜಗ್ಗನ್ನು ನೆಲಕ್ಕೆ ಬಗ್ಗಿಸಿದ್ದರು. "ನೀರು ಹರಿದ ಹಾಗೆ ಆಗ್ಲಿ, ಮಗಾ..."

ಸಂಜೆ ಗಿನ್ಕಾ ಅಜ್ಜಿ ಬಿಸಿ ಸೂಪು ತಂದಾಗ ಅಕ್ಕಪಕ್ಕದ ಮಂಚಗಳಲ್ಲಿ ಎರಡು ಪ್ಲಾಸ್ಟರ್ ಕಾಲುಗಳು ತೂಗಾಡುತ್ತಿದ್ದವು. ಕೆಲಸ ಕೈತಪ್ಪಿದ ಸಂಕಟದಲ್ಲೂ ಡೆಯಾನನಿಗೆ ನಗು ತಡೆಯಲಾಗಲಿಲ್ಲ. ಡೋಬ್ರೆವ್ ಚೀಸ್ ತುಂಬಿದ ಪದರು ತಿಂಡಿ ಬಾನಿತ್ಸಾ ಮುರಿದು ಅರ್ಧ ಅವನಿಗೆ ಕೊಟ್ಟರು.

ಅಜ್ಜಿ ನಡೆದದ್ದನ್ನೆಲ್ಲ ಕೇಳಿ ಗಂಭೀರವಾಗಿ ವಿಚಾರಿಸಿದಳು. "ಎಷ್ಟು ನೀರು ಚೆಲ್ಲಿದ್ರಿ?"

"ಒಂದು ಜಗ್ ಅಷ್ಟೇ ಅಮ್ಮ."

ಅಜ್ಜಿ ಹಣೆ ಚಚ್ಚಿಕೊಂಡಳು. "ಅದಕ್ಕೇ ಹೀಗಾಗಿದ್ದು! ಬಕೆಟ್ಟೇ ಚೆಲ್ಲಬೇಕಿತ್ತು."