ಏಳಲೊಲ್ಲದ ರಾಜಕುಮಾರಿ

ಶಾಲೆಯಲ್ಲಿ ನಾಟಕ ಮಾಡಿಸುವವರಿಗೆ ನಾಟಕದ ತಾಪತ್ರಯ ಒಂದಾದರೆ ಅದರ ಸುತ್ತ ಹುಟ್ಟಿಕೊಳ್ಳುವ ತಾಪತ್ರಯಗಳು ಹತ್ತು. ಸವದತ್ತಿಯಿಂದ ಮುರಗೋಡದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಅಲ್ಲಿ ಏಳನೆಯ ಇಯತ್ತೆಯವರೆಗಿನ ಶಾಲೆ, ಆ ಶಾಲೆಯಲ್ಲಿ ನಾನು ಕನ್ನಡ ಕಲಿಸುವ ಅಕ್ಕಾರು. ವರ್ಷದ ಕೊನೆಗೆ ಶಾಲೆಯ ವಾರ್ಷಿಕೋತ್ಸವ, ಅಂದರೆ ನಮ್ಮ ಗ್ಯಾದರಿಂಗ್, ಬಂತೆಂದರೆ ನಾಟಕ ನನ್ನ ಕೊರಳಿಗೇ ಬೀಳುತ್ತದೆ, ಏನಾದರೊಂದು ಆಗಿಯೇ ತೀರುತ್ತದೆ. ಹೋದ ವರ್ಷದ್ದನ್ನಂತೂ ಊರವರು ಈಗಲೂ ಹೇಳಿ ಹೇಳಿ ನಗುತ್ತಾರೆ. ಅವರ ಮುಂದೆ ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಮಾತ್ರ ಯಾಕೋ ಊಟ ಸೇರುವುದಿಲ್ಲ.

ಕಥೆ ಎಲ್ಲರಿಗೂ ಗೊತ್ತಿದ್ದದ್ದು. ಮಾಟಗಾತಿಯ ಶಾಪದಿಂದ ರಾಜಕುಮಾರಿ ನೂರು ವರ್ಷ ಮಲಗುತ್ತಾಳೆ, ರಾಜಕುಮಾರ ಬಂದು ಎಬ್ಬಿಸುತ್ತಾನೆ. ಮುಖ್ಯ ಪಾತ್ರ ಅರ್ಧ ನಾಟಕ ಮಲಗಿಯೇ ಇರುತ್ತದೆ, ಮಾತು ಮರೆಯುವ ಭಯವಿಲ್ಲ ಎಂದು ಇದನ್ನು ಆರಿಸಿಕೊಂಡಿದ್ದೆ.

೧. ಮಂಚ

ರಾಜಕುಮಾರಿ ಮಲಗಲು ಒಂದು ಮಂಚ ಬೇಕಿತ್ತು. ಮಕ್ಕಳು ಊರೆಲ್ಲ ಅಲೆದು ಒಂದು ಕಬ್ಬಿಣದ ಮಂಚ ಹೊತ್ತು ತಂದರು. ಯಾರ ಮನೆಯದೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗೊತ್ತಾಯಿತು, ಆ ಮನೆಯ ಅಜ್ಜ ಅದರ ಮೇಲೆಯೇ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ದಾಸಿಯ ಪಾತ್ರದ ಹುಡುಗಿ ಅದನ್ನು ಮುಟ್ಟಲಾರೆ ಎಂದು ಹಟ ಹಿಡಿದಳು. ನಾನು ಮಂಚ ಮರಳಿ ಕೊಡಲು ಹೋದರೆ ಅಜ್ಜನ ಮಗ ಒಳಗೆ ತೆಗೆದುಕೊಳ್ಳಲೇ ಇಲ್ಲ.

"ಇರಲಿ ತಗೋರಿ ಅಕ್ಕಾರ. ನಮ್ಮಪ್ಪ ಇದರ ಮ್ಯಾಲೆ ಮಲಗಿದಾಂವ ಏಳಲೇ ಇಲ್ಲ. ನಿಮ್ಮ ಹುಡುಗಿನಾರ ಎದ್ದರ ಮಂಚದ ಹೆಸರು ಉಳೀತೈತಿ."

೨. ಎಬ್ಬಿಸುವ ಬಗೆ

ಮೂಲ ಕಥೆಯಲ್ಲಿ ರಾಜಕುಮಾರ ಮುತ್ತು ಕೊಟ್ಟು ಎಬ್ಬಿಸುತ್ತಾನೆ. ಆ ಮಾತನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೂವಿನಿಂದ ಹಣೆ ಮುಟ್ಟುತ್ತಾನೆ ಎಂದು ತಿದ್ದಿಕೊಂಡಿದ್ದೆ. ಶಾಲಾ ಸಮಿತಿಯ ಅಧ್ಯಕ್ಷರು ತಾಲೀಮು ನೋಡಲು ಬಂದವರು ಅದಕ್ಕೂ ಒಪ್ಪಲಿಲ್ಲ. ಹೂವಾದರೂ ಅದರ ಇನ್ನೊಂದು ತುದಿ ಹುಡುಗನ ಕೈಯಲ್ಲೇ ಇರುತ್ತದಲ್ಲ ಎಂದರು. ಹಾಗಾದರೆ ಅವಳು ಏಳುವುದು ಹೇಗೆ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, ರಾಜಕುಮಾರ ದೂರ ನಿಂತು ಶಾಲೆಯ ಗಂಟೆ ಬಾರಿಸಲಿ ಎಂದು ತೀರ್ಪು ಕೊಟ್ಟರು. ನೂರು ವರ್ಷದ ನಿದ್ದೆ ಗಂಟೆಗೆ ಹೋದೀತೇ ಎಂದು ನಾನು ಅನುಮಾನಪಟ್ಟೆ.

"ಯಾಕ ಹೋಗೂದಿಲ್ರಿ? ನಮ್ಮ ಸಾಲಿ ಗಂಟಿಗೆ ಮಾಸ್ತರಗೋಳಿಗೇ ಎಚ್ಚರ ಆಗ್ತೈತಿ."

೩. ಚಹಾ

ರಾಜಕುಮಾರಿಯಾದವಳು ಏಳನೆಯ ಇಯತ್ತೆಯವಳು. ಒಮ್ಮೆ ಓದಿದ್ದನ್ನು ಎರಡನೆಯ ಸಲ ಓದಬೇಕಾಗದ ಹುಡುಗಿ. ನಮ್ಮಲ್ಲಿ ಏಳು ಮುಗಿದರೆ ಮುಂದಿನ ಹೈಸ್ಕೂಲು ಸವದತ್ತಿಯಲ್ಲಿ, ಬಸ್ಸಿನ ದಾರಿ. ಅವಳ ಅಪ್ಪ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾನೆ. ಮಗಳನ್ನು ಇನ್ನು ಕಳಿಸುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದ. ಬಸ್ಸಿಗೆ ಹೊತ್ತುಗೊತ್ತಿಲ್ಲ, ಮನೆಯಲ್ಲಿ ಸಣ್ಣ ಕೂಸಿದೆ, ಅವಳಿದ್ದರೆ ತಾಯಿಗೆ ಕೈ ಆಸರೆ ಎನ್ನುತ್ತಿದ್ದ.

ನಾನು ಮೇಲಿಂದ ಮೇಲೆ ಅವರ ಮನೆಗೆ ಹೋದೆ. ಹೋದಾಗಲೊಮ್ಮೆ ಕುರ್ಚಿ ಹಾಕುತ್ತಿದ್ದ, ಚಹಾ ತರಿಸುತ್ತಿದ್ದ, ನಾನು ಹೇಳಿದ್ದಕ್ಕೆಲ್ಲ ಖರೇ ಐತ್ರಿ ಎಂದು ತಲೆ ಆಡಿಸುತ್ತಿದ್ದ. ಕೊನೆಗೆ ಆಗೂದಿಲ್ರಿ ಅನ್ನುತ್ತಿದ್ದ. ಇಷ್ಟು ಮರ್ಯಾದೆಯಿಂದ ಇಲ್ಲ ಎನ್ನುವವರ ಜೊತೆ ಜಗಳ ತೆಗೆಯಲೂ ಬರುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು, ಚಹಾ ಮಾತ್ರ ಕುಡಿದೇ ಬರುತ್ತಿದ್ದೆ. ಕಡೆಯ ಸಲ ಬಾಗಿಲ ತನಕ ಬಂದು ಬೀಳ್ಕೊಟ್ಟ.

"ಸಾಲಿ ಮುಗೀತು ಅಂತ ಬರೂದು ಬಿಡಬ್ಯಾಡ್ರಿ ಅಕ್ಕಾರ. ಇನ್ನ ಮುಂದ ಚಹಾ ಆಕಿನ ಮಾಡ್ತಾಳ."

೪. ಶಾಪ

ಪರೀಕ್ಷೆ ಮುಗಿದ ದಿನವೇ ಸಂಜೆ ಗ್ಯಾದರಿಂಗ್. ಮರುದಿನದಿಂದ ಬೇಸಿಗೆ ರಜೆ. ಬೈಲಹೊಂಗಲದಿಂದ ಬರಬೇಕಾದ ಅತಿಥಿಗಳು ತಡಮಾಡಿದರು, ನಾವು ನಾಟಕ ಶುರುಮಾಡಿಬಿಟ್ಟೆವು. ಮಾಟಗಾತಿ ಕರಿ ಕಂಬಳಿ ಹೊದ್ದು, ಶಾಪ ಕೊಡಲು ಕೈ ಎತ್ತಿ ಬಾಯಿ ತೆರೆದಳು. ಅಷ್ಟರಲ್ಲಿ ಅತಿಥಿಗಳ ಗಾಡಿ ಬಂತು. ಹೆಡ್‌ಮಾಸ್ತರರು ಓಡಿಬಂದು ಮೈಕ್ ಹಿಡಿದು ಈಗ ಸತ್ಕಾರ ಸಮಾರಂಭ ಎಂದು ಸಾರಿದರು.

ನಾನು ಹೇಳುವ ತನಕ ಅಲುಗಾಡಬಾರದು ಎಂದು ತಾಲೀಮಿನಲ್ಲಿ ಮಕ್ಕಳನ್ನು ಹೆದರಿಸಿಟ್ಟಿದ್ದೆ. ಸದ್ಯ, ಮಾಟಗಾತಿ ಎತ್ತಿದ ಕೈ ಇಳಿಸಲಿಲ್ಲ. ಶಾಲುಗಳಾದವು, ಹಾರಗಳಾದವು, ಭಾಷಣವೂ ಆಯಿತು. ಅತಿಥಿಗಳು ಕಡೆಗೆ ಅವಳ ಕಡೆ ತಿರುಗಿ ಕೈ ಮುಗಿದರು. ಈ ಊರಿನ ಸಂಸ್ಕಾರ ದೊಡ್ಡದು, ನಾವು ಬಂದಾಗಿನಿಂದ ಈ ತಾಯಿ ಕೈ ಎತ್ತಿ ನಮ್ಮೆಲ್ಲರಿಗೂ ಆಶೀರ್ವಾದ ಮಾಡುತ್ತಲೇ ನಿಂತಿದ್ದಾಳೆ ಎಂದರು.

೫. ಉಳ್ಳಾಗಡ್ಡಿ

ಅಂತೂ ಶಾಪ ತಗಲಿತು, ರಾಜಕುಮಾರಿ ಮಲಗಿದಳು. ಮೈಕ್ ಇದ್ದದ್ದು ಒಂದೇ, ಅದನ್ನು ಮಂಚದ ತಲೆಯ ಹತ್ತಿರ ನಿಲ್ಲಿಸಿದ್ದೆವು. ರಾಜಕುಮಾರ ಬಂದ, ದೂರ ನಿಂತ, ಗಂಟೆ ಬಾರಿಸಿದ. ರಾಜಕುಮಾರಿ ಏಳಲಿಲ್ಲ. ಮತ್ತೆ ಬಾರಿಸಿದ. ಮೂರನೆಯ ಸಲ ಊದಿನಕಡ್ಡಿ ಹಚ್ಚಿಟ್ಟ ದೇವರ ಮುಂದೆ ಬಾರಿಸುವಂತೆ ಕಣ್ಣು ಮುಚ್ಚಿ ಬಾರಿಸಿದ. ಮಂದಿ ನಗತೊಡಗಿದರು.

ಹುಡುಗಿಗೆ ಎಚ್ಚರ ತಪ್ಪಿದೆ ಎಂದು ಮುಂದೆ ಕೂತ ಒಬ್ಬ ಅಜ್ಜಿ ಎದ್ದಳು. ಎಲ್ಲಿಂದಲೋ ಉಳ್ಳಾಗಡ್ಡಿ ಬಂತು. ಅಜ್ಜಿ ಅದನ್ನು ಮುಷ್ಟಿಯಿಂದ ಗುದ್ದಿ ಒಡೆದು, ಸ್ಟೇಜ್ ಹತ್ತಿ ರಾಜಕುಮಾರಿಯ ಮೂಗಿಗೆ ಹಿಡಿದಳು. ನೋಡ್ರಿ ಕಣ್ಣಾಗ ನೀರು ಬಂದುವು, ಜೀವ ಐತಿ ಎಂದು ಮೈಕಿನಲ್ಲಿ ಸಾರಿದಳು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ನಾನು ಅಷ್ಟರಲ್ಲಿ ಮಂಚದ ಹತ್ತಿರ ಬಂದಿದ್ದೆ. ಉಳ್ಳಾಗಡ್ಡಿ ಹಿಡಿಯುವ ಮೊದಲೇ ಆ ನೀರು ಬಂದಿದ್ದನ್ನು ಕಂಡಿದ್ದೆ. ಬಗ್ಗಿ, ಏನಾಯಿತವ್ವ, ಏಳು ಎಂದೆ. ಅವಳು ಕಣ್ಣು ತೆರೆಯದೆ ಮೆಲ್ಲಗೆ ಹೇಳಿದಳು. ಮೈಕ್ ಅದನ್ನು ಊರಿಗೆಲ್ಲ ಕೇಳಿಸಿತು.

"ನಾ ಎದ್ದರ ಸಾಲಿ ಮುಗೀತೈತ್ರಿ ಅಕ್ಕಾರ. ಏಳೂದಿಲ್ಲ."

ಮಂದಿ ಮತ್ತೂ ನಕ್ಕರು. ಅವಳ ಅಪ್ಪ ಎದ್ದು ನಿಂತ. ಮಂದಿ ನೋಡಾಕತ್ತಾರ, ಸುಮ್ಮನ ಏಳು ಎಂದ. ಮಂಚದಿಂದ ಉತ್ತರ ಬಂತು.

"ನಾಳೆ ಸಾಲಿಗೆ ಕಳಸ್ತೇನಿ ಅನ್ನಪಾ. ಅಂದರ ಏಳ್ತೇನಿ."

ಆಗ ಮಾತ್ರ ನಗು ನಿಂತಿತು. ಅಪ್ಪ ಒಮ್ಮೆ ಅತಿಥಿಗಳ ಕಡೆ ನೋಡಿದ, ಒಮ್ಮೆ ನನ್ನ ಕಡೆ ನೋಡಿದ.

"ಕಳಸ್ತೇನಿ. ಏಳವ್ವಾ."

ಅವಳು ಎದ್ದು ಕೂತಳು. ನಮ್ಮ ಊರಲ್ಲಿ ಅಂಥ ಚಪ್ಪಾಳೆ ನಾನು ಕೇಳಿಯೇ ಇರಲಿಲ್ಲ. ನನಗೂ ಎದೆ ತುಂಬಿ ಬಂತು, ಸಾಕ್ಷಿಗೆ ಊರೇ ಇದೆಯಲ್ಲ ಎಂದುಕೊಂಡೆ. ಅಧ್ಯಕ್ಷರು ನನ್ನ ಹತ್ತಿರ ಬಂದು, ನಾ ಹೇಳಿರಲಿಲ್ಲೇನ್ರಿ, ಗಂಟಿಗೇ ಎದ್ದಳು ನೋಡ್ರಿ ಎಂದರು.

೬. ರಜೆಯ ಮೊದಲ ದಿನ

ಮರುದಿನ ಪರದೆ ಬಿಚ್ಚಿಸಲು ಶಾಲೆಗೆ ಹೋದೆ. ಗೇಟಿನ ಮುಂದೆ ಟೆಂಪೋ ನಿಂತಿತ್ತು. ರಾಜಕುಮಾರಿ ಸಮವಸ್ತ್ರ ಹಾಕಿ, ಎರಡು ಜಡೆ ಹೆಣೆದು, ಪಾಟೀಚೀಲ ಹೊತ್ತು ಕಟ್ಟೆಯ ಮೇಲೆ ಕೂತಿದ್ದಳು. ಅವಳ ಅಪ್ಪ ಗಾಡಿಯಿಂದ ಇಳಿದು ಕೈ ಮುಗಿದ.

"ಹತ್ತು ಮಂದ್ಯಾಗ ಮಾತು ಕೊಟ್ಟಿದ್ನೆಲ್ರಿ ಅಕ್ಕಾರ, ನಾಳೆ ಕಳಸ್ತೇನಿ ಅಂತ. ಕಳಿಸೀನಿ ನೋಡ್ರಿ."

ಇವತ್ತು ರಜೆಯಪ್ಪ, ಅವಳು ಕೇಳಿದ್ದು ಹೈಸ್ಕೂಲನ್ನು ಎಂದೆ. ಆಕಿ ನಾಳೆ ಅಂದಳು, ನಾನೂ ನಾಳೆ ಅಂದೆ ಎಂದ. ಅವನು ಅದನ್ನು ಚೇಷ್ಟೆಗೆ ಹೇಳಲಿಲ್ಲ. ಇನ್ನೊಮ್ಮೆ ಕೈ ಮುಗಿದು ಗಾಡಿಯಲ್ಲಿ ಹೋಗಿ ಕೂತ. ಲೋಡ್ ಹೇರಲು ಹೋಗಬೇಕು, ಹತ್ತು ನಿಮಿಷದಲ್ಲಿ ಕಳಿಸಿಬಿಡ್ರಿ ಅಂದ.

ನಾನು ಏಳನೆಯ ಇಯತ್ತೆಯ ಬಾಗಿಲು ತೆಗೆದೆ. ಅವಳು ತನ್ನ ಜಾಗದಲ್ಲಿ ಹೋಗಿ ಕೂತಳು. ಏನು ಕಲಿಸಬೇಕೆಂದು ನನಗೆ ತೋಚಲಿಲ್ಲ, ಸುಮ್ಮನೆ ಬೋರ್ಡ್ ಒರೆಸಿದೆ.

"ನಾಳೆ ಅಂದದ್ದು ತಪ್ಪಾತ್ರಿ ಅಕ್ಕಾರ. ಏನನ್ನಬೇಕಿತ್ತು?"

ಕನ್ನಡ ಕಲಿಸುವವಳು ನಾನು, ಹೇಳದೆ ಹೇಗಿರಲಿ? "ದಿನಾ ಅನ್ನಬೇಕಿತ್ತವ್ವಾ" ಎಂದೆ.

ಅವಳು ತಾನು ಕೂತ ಬೆಂಚನ್ನು ಕಣ್ಣಲ್ಲೇ ಅಳೆದಳು.

"ಹಂಗಾರ ಇನ್ನೊಮ್ಮೆ ಮಲಗಲೇನ್ರಿ?"

ಇಬ್ಬರೂ ನಕ್ಕೆವು, ತಡೆಯಲಾಗದಷ್ಟು ನಕ್ಕೆವು. ಹೊರಗೆ ಟೆಂಪೋದ ಹಾರ್ನ್ ಆಯಿತು. ಈ ಸಲ ಅವಳು ಮೊದಲನೆಯದಕ್ಕೇ ಎದ್ದಳು.